ಸಹಾಯ ಬೇಕು: ಬೆಂಗಳೂರು ಟ್ರಾಫಿಕ್ ಕೋರ್ಟ್‌ನ ಹಳೇ ಕೇಸ್ ನಂಬರ್ ಹುಡುಕೋದು ಹೇಗೆ?

ಎಲ್ರಿಗೂ ನಮಸ್ಕಾರ. ಪರಿಚಯದ ಡ್ರೈವರ್ ಒಬ್ಬರ ಮೇಲೆ 2019ರಲ್ಲಿ ಮೋಟಾರು ವಾಹನ ಕಾಯ್ದೆಯ ಸೆಕ್ಷನ್ 185, ಅಂದ್ರೆ ಕುಡಿದು ಓಡಿಸಿದ ಕೇಸ್ ಆಗಿತ್ತು. ಮೇಯೋ ಹಾಲ್ ಕೋರ್ಟ್‌ನಲ್ಲಿ ದಂಡ ಕಟ್ಟಿ ಮುಗಿದಿದೆ. ಈಗ ಕೆಲಸ ಕೊಡೋರು ಆದೇಶದ ದೃಢೀಕೃತ ನಕಲು ಕೇಳ್ತಿದ್ದಾರೆ. ರಸೀದಿಯ ಅಕ್ಷರ ಪೂರ್ತಿ ಮಾಸಿದೆ. ದಂಡ ಕಟ್ಟಿದ ತಾರೀಖು, ಗಾಡಿ ನಂಬರ್, ಟ್ರಾಫಿಕ್ ಠಾಣೆ ಹೆಸರು ಮಾತ್ರ ಗೊತ್ತು.

ಕೋರ್ಟ್ ಕೇಸ್ ಹುಡುಕೋ ಸರ್ಕಾರಿ ವೆಬ್‌ಸೈಟ್ ಇ-ಕೋರ್ಟ್ಸ್‌ನಲ್ಲಿ ಬೆಂಗಳೂರು ಆರಿಸಿ, ಪಾರ್ಟಿ (ಕೇಸಿನಲ್ಲಿರೋ ವ್ಯಕ್ತಿ) ಹೆಸರು, ವರ್ಷ ಹಾಕಿ 'ಡಿಸ್ಪೋಸ್ಡ್' (ಮುಗಿದ ಕೇಸ್) ಒತ್ತಿ ನೋಡಿದ್ವಿ. ಪೂರ್ತಿ ಹೆಸರು ಹಾಕಿದ್ರೆ ಏನೂ ಬರಲ್ಲ; ಕೋರ್ಟ್‌ನವರು ಇಂಗ್ಲಿಷ್ ಸ್ಪೆಲ್ಲಿಂಗ್ ಹೇಗೆ ಬರೆದಿದ್ದಾರೋ ಹಾಗೇ ಇರಬೇಕು. ಮೊದಲ ಮೂರಕ್ಷರ ಹಾಕಿದ್ರೆ ಪುಟಗಟ್ಟಲೆ ಬರುತ್ತೆ, ಅದರಲ್ಲಿ ಗಾಡಿ ನಂಬರ್ ಇರೋದೇ ಇಲ್ಲ. ಪ್ರತಿ ಕೇಸ್‌ಗೂ ಬೇರೆ ಬೇರೆಯಾಗಿ ಕೊಡೋ 16 ಅಕ್ಷರದ ಸಿಎನ್‌ಆರ್ ನಂಬರ್ ಗೊತ್ತಿದ್ದಿದ್ರೆ ಒಂದೇ ಸಲಕ್ಕೆ ಸಿಗ್ತಿತ್ತು. ವರ್ಚುವಲ್ ಕೋರ್ಟ್‌ ಅನ್ನೋ ಆನ್‌ಲೈನ್ ಚಲನ್ ಸೈಟ್‌ನಲ್ಲಿ ಗಾಡಿ ನಂಬರ್ ಹಾಕಿ ಹುಡುಕಬಹುದು, ಆದ್ರೆ ಅಲ್ಲಿ ಆನ್‌ಲೈನ್‌ಗೆ ಕಳಿಸಿದ ಚಲನ್‌ಗಳಷ್ಟೇ ಇರೋದು. ಇದು ಖುದ್ದಾಗಿ ಹಾಜರಾಗಿ ಮುಗಿಸಿದ ಕೇಸ್. ಇ-ಕೋರ್ಟ್ಸ್‌ನಲ್ಲಿ ಎಫ್‌ಐಆರ್ ನಂಬರ್ ಹಾಕಿಯೂ ಹುಡುಕಬಹುದು, ಆದ್ರೆ ಅದು ಕೈಲಿಲ್ಲ, ಹಾಗಾಗಿ ಆ ದಾರಿಯೂ ಮುಚ್ಚಿದೆ.

ಬಡಪಾಯಿಯ ಕೆಲಸ ಇದೊಂದು ಕಾಗದಕ್ಕೆ ನಿಂತಿದೆ. ಕೋರ್ಟ್ ಕಚೇರಿ ಗೊತ್ತಿರೋ ವಕೀಲರು, ಗುಮಾಸ್ತರು ಯಾರಾದ್ರೂ ಇದ್ರೆ ದಯವಿಟ್ಟು ಹೇಳಿ: ಕೇಸ್ ನಂಬರ್ ಇಲ್ಲದೆ, ಬರೀ ತಾರೀಖು ಮತ್ತು ಠಾಣೆ ಹೆಸರು ಬರೆದು ನಕಲು ಅರ್ಜಿ ಕೊಟ್ರೆ ತಗೋತಾರಾ? ಇಲ್ಲಾಂದ್ರೆ ಮೊದಲು ಠಾಣೆಯಲ್ಲಿ ಸಿ.ಸಿ. ನಂಬರ್ (ಕೋರ್ಟ್‌ನ ಕ್ರಿಮಿನಲ್ ಕೇಸ್ ನಂಬರ್) ಕೇಳಿ ತರಬೇಕಾ?