ಲಸಿಕೆಯ ದಾಖಲೆ ಕೊಡದ ಮಗುವನ್ನು ಶಾಲೆಗೆ ಸೇರಿಸಿಕೊಳ್ಳಬಾರದೇ?

ಪ್ರಶ್ನೆ: ಪೋಷಕ, ಮಂಡ್ಯ

ನಮ್ಮ ಬಡಾವಣೆಯ ಶಿಶುವಿಹಾರದ ಪೋಷಕರ ಸಮಿತಿಯಲ್ಲಿ ನಾನೂ ಇದ್ದೇನೆ. ತಾಯಿ ಕಾರ್ಡಿನ ಲಸಿಕೆ ಪುಟದ ಜೆರಾಕ್ಸ್ ಕೊಡದವರಿಗೆ ಮುಂದಿನ ವರ್ಷದಿಂದ ಪ್ರವೇಶವಿಲ್ಲ ಎಂಬ ನಿಯಮ ತರಬೇಕೆಂದು ಕಳೆದ ಸಭೆಯಲ್ಲಿ ಸಲಹೆ ಬಂತು. ಕೂಡಲೇ ಒಬ್ಬ ತಂದೆ ಎದ್ದುನಿಂತು, "ನನ್ನ ಮಗುವಿನ ಮೈಗೆ ಸೂಜಿ ಚುಚ್ಚಿಸಬೇಕೋ ಬೇಡವೋ ಎಂದು ತೀರ್ಮಾನಿಸಲು ನೀವು ಯಾರು?" ಎಂದು ಕೇಳಿದರು. ಅದನ್ನು ಬರಿಯ ಹಟವೆಂದು ತಳ್ಳಿಹಾಕಲು ನನಗೆ ಮನಸ್ಸಾಗಲಿಲ್ಲ. ಮೊದಲ ಮಗುವಿಗೆ ಲಸಿಕೆ ಹಾಕಿಸಿದ ರಾತ್ರಿ ಜ್ವರ ಏರಿ ಫಿಟ್ಸ್ ಬಂದದ್ದನ್ನು ಕಣ್ಣಾರೆ ಕಂಡವರು ಅವರು. ಅದೇ ತರಗತಿಯಲ್ಲಿ ರಕ್ತದ ಕ್ಯಾನ್ಸರಿಗೆ ಚಿಕಿತ್ಸೆ ಪಡೆಯುತ್ತಿರುವ ಮಗುವೂ ಇದೆ. ಅದರ ತಾಯಿ ಸಭೆ ಮುಗಿಯುವವರೆಗೂ ಒಂದು ಮಾತನ್ನೂ ಆಡಲಿಲ್ಲ. ತಿಳಿದವರು ದಾರಿ ತೋರಿಸಬೇಕಾಗಿ ಕೋರುತ್ತೇನೆ.

ಉತ್ತರ 1: ವಕೀಲ, ಮೈಸೂರು

ಕೋವಿಡ್ ಲಸಿಕೆಯ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2022ರ ಮೇ 2ರಂದು ಕೊಟ್ಟ ತೀರ್ಪನ್ನು ಎರಡೂ ಕಡೆಯವರು ತಮಗೆ ಬೇಕಾದಷ್ಟೇ ಓದುತ್ತಾರೆ. ಸಂವಿಧಾನದ 21ನೆಯ ವಿಧಿಯಂತೆ ಯಾರಿಗೂ ಬಲವಂತವಾಗಿ ಲಸಿಕೆ ಹಾಕುವಂತಿಲ್ಲ ಎಂದ ನ್ಯಾಯಾಲಯವೇ, ಸಾರ್ವಜನಿಕ ಆರೋಗ್ಯದ ಸಲುವಾಗಿ ಸರ್ಕಾರವು ವ್ಯಕ್ತಿಯ ಹಕ್ಕಿನ ಮೇಲೆ ನ್ಯಾಯಸಮ್ಮತವೂ ಪ್ರಮಾಣಬದ್ಧವೂ ಆದ ನಿರ್ಬಂಧ ಹೇರಬಹುದು ಎಂದೂ ಹೇಳಿದೆ. ಆಗ ರಾಜ್ಯಗಳ ನಿರ್ಬಂಧಗಳು ಪ್ರಮಾಣಬದ್ಧವೆನಿಸದೆ ಹೋದದ್ದಕ್ಕೆ ಒಂದು ಮುಖ್ಯ ಕಾರಣ, ಲಸಿಕೆ ಪಡೆಯದವರಿಂದ ಸೋಂಕು ಹೆಚ್ಚು ಹರಡುತ್ತದೆ ಎಂಬುದಕ್ಕೆ ಸರ್ಕಾರಗಳು ಆಧಾರ ಒದಗಿಸದೆ ಇದ್ದದ್ದು. ದಡಾರದ ವಿಷಯದಲ್ಲಿ ಆ ಆಧಾರ ಇದೆ. ಆದರೂ ಪ್ರವೇಶ ನಿರಾಕರಣೆಯನ್ನು ನಾನು ಒಪ್ಪುವುದಿಲ್ಲ. ಬೇಡವೆಂದವರು ತಂದೆ, ತರಗತಿಯ ಹೊರಗೆ ಉಳಿಯುವುದು ಮಗು.

ಉತ್ತರ 2: ನಿವೃತ್ತ ಆರೋಗ್ಯ ಸಹಾಯಕಿ, ಮಂಡ್ಯ ಜಿಲ್ಲೆ

ಎಲ್ಲ ಲಸಿಕೆಗಳನ್ನೂ ಒಂದೇ ತಕ್ಕಡಿಯಲ್ಲಿ ತೂಗಬೇಡಿ. ಧನುರ್ವಾಯು ಒಬ್ಬರಿಂದೊಬ್ಬರಿಗೆ ಹರಡದು. ಆ ಲಸಿಕೆ ಬೇಡವೆಂದರೆ ಅಪಾಯ ಆ ಮಗುವಿಗೆ ಮಾತ್ರ. ದಡಾರ ಹಾಗಲ್ಲ. ರೋಗಿ ಎದ್ದುಹೋದ ಕೋಣೆಯ ಗಾಳಿಯಲ್ಲಿ ಅದರ ವೈರಸ್ ಎರಡು ಗಂಟೆಯವರೆಗೂ ಉಳಿಯಬಲ್ಲದು, ನೂರಕ್ಕೆ 95 ಮಂದಿಗೆ ರಕ್ಷಣೆ ಇದ್ದರಷ್ಟೇ ಅದರ ಓಟ ನಿಲ್ಲುತ್ತದೆ. ಅದರ ಲಸಿಕೆಯಲ್ಲಿರುವುದು ದುರ್ಬಲಗೊಳಿಸಿದ ಜೀವಂತ ವೈರಸ್ ಆದ್ದರಿಂದ ಕ್ಯಾನ್ಸರ್ ಚಿಕಿತ್ಸೆಯಲ್ಲಿರುವ ಮಗುವಿಗೆ ಅದನ್ನು ಕೊಡುವಂತಿಲ್ಲ. ಆ ಮಗುವಿಗೆ ಸುತ್ತಲಿನ ಮಕ್ಕಳೇ ಬೇಲಿ.

ಇನ್ನು ಆ ತಂದೆಯ ಭಯ. ಜ್ವರದ ಫಿಟ್ಸ್ ಸಾಮಾನ್ಯವಾಗಿ ಮುಂದೆ ಹಾನಿ ಮಾಡುವುದಿಲ್ಲ, ಆದರೆ ಹಾಗೆಂದು ಅವರಿಗೆ ಯಾರಾದರೂ ಕುಳಿತು ಹೇಳಿದ್ದಾರೆಯೇ? ಯಾವ ಲಸಿಕೆ, ಏನಾಗಬಹುದು, ಆದರೆ ಏನು ಮಾಡಬೇಕು, ಮತ್ತೆ ಯಾವಾಗ ಬರಬೇಕು, ಕಾರ್ಡನ್ನು ಜೋಪಾನ ಮಾಡಿ ಎಂದು ಪ್ರತಿ ತಾಯಿಗೂ ಹೇಳಬೇಕೆಂಬುದು ನಮಗೆ ಕೊಟ್ಟ ತರಬೇತಿ. 2017ರ ಫೆಬ್ರವರಿಯಲ್ಲಿ ದಡಾರ-ರುಬೆಲ್ಲಾ ಅಭಿಯಾನ ನಡೆದಾಗ, ವಾಟ್ಸಾಪ್ ವದಂತಿಗೆ ಹೆದರಿ ಮಕ್ಕಳನ್ನು ಶಾಲೆಗೇ ಕಳುಹಿಸದ ಮನೆಗಳಿಗೆ ನಾನು ಹೋಗಿದ್ದೇನೆ. ಗುರಿ ಮುಟ್ಟಿಸುವ ಅವಸರದಲ್ಲಿ ಆ ಮಾತುಗಳನ್ನು ನುಂಗಿದ ದಿನಗಳೂ ಇದ್ದವೆಂದು ಒಪ್ಪಿಕೊಳ್ಳುತ್ತೇನೆ.

ಉತ್ತರ 3: ಇತಿಹಾಸದ ಓದುಗ, ಮೈಸೂರು

ಮೈಸೂರಿನವನಾದ್ದರಿಂದ ಒಂದು ಚಿತ್ರದ ನೆನಪು ಬಂತು. ಸುಮಾರು 1805ರಲ್ಲಿ ಥಾಮಸ್ ಹಿಕಿ ಬರೆದನೆನ್ನಲಾದ ಆ ಚಿತ್ರದಲ್ಲಿರುವವರು ಮೈಸೂರು ಅರಮನೆಯ ಹೆಂಗಸರೆಂದೂ, ಸೆರಗು ಸರಿಸಿ ತೋಳಿನತ್ತ ಬೆರಳು ತೋರುತ್ತಿರುವವಳು ಮುಮ್ಮಡಿ ಕೃಷ್ಣರಾಜ ಒಡೆಯರ ಕಿರಿಯ ರಾಣಿ ದೇವಾಜಮ್ಮಣ್ಣಿಯೆಂದೂ, ಅದು ಸಿಡುಬಿನ ಲಸಿಕೆಯ ಪ್ರಚಾರವೆಂದೂ ಇತಿಹಾಸಕಾರ ನೈಜೆಲ್ ಚಾನ್ಸಲರ್ ಗುರುತಿಸಿದ್ದಾರೆ. ಅಲ್ಲಿ ನಡೆದದ್ದು ಮೇಲ್ಪಂಕ್ತಿ. ಇಂಗ್ಲೆಂಡಿನಲ್ಲಾದರೋ 1853ರಲ್ಲಿ ಕಡ್ಡಾಯ ಮಾಡಿ, ದಂಡ ಹಾಕಿ, ಪ್ರತಿಭಟನೆಗಳನ್ನು ಕಂಡು, ಕಡೆಗೆ 1898ರಲ್ಲಿ ಆತ್ಮಸಾಕ್ಷಿ ಒಪ್ಪದವರಿಗೆ ವಿನಾಯಿತಿ ಕೊಡಬೇಕಾಯಿತು.

ಪ್ರಶ್ನೆ ಕೇಳಿದವರು:

ಎಲ್ಲರಿಗೂ ವಂದನೆಗಳು. ಕಾರ್ಡನ್ನು ಎಲ್ಲರಿಂದಲೂ ಕೇಳುವುದು, ಯಾರಿಗೂ ಪ್ರವೇಶ ನಿರಾಕರಿಸದಿರುವುದು, ದಡಾರ ಕಾಣಿಸಿಕೊಂಡರೆ ಲಸಿಕೆಯಾಗದ ಮಕ್ಕಳು 21 ದಿನ ಮನೆಯಲ್ಲಿರಬೇಕೆಂದು ಮೊದಲೇ ಸಹಿ ಪಡೆಯುವುದು, ಹೀಗೆ ಕರಡು ಸಿದ್ಧಪಡಿಸಿದ್ದೇನೆ. ಸಹಿ ಹಾಕುವೆನೆಂದು ಆ ತಂದೆ ಹೇಳಿದ್ದಾರೆ; ಲಸಿಕೆಯ ಮಾತನ್ನು ಇನ್ನೂ ಎತ್ತಿಲ್ಲ. ನಿನ್ನೆ ಆ ತಾಯಿಗೂ ಓದಿ ಹೇಳಿದೆ. ಅವರು ಕೇಳಿದ್ದು ಇಷ್ಟೇ: "ಯಾವ ಮಗುವಿಗೆ ಮೈಮೇಲೆ ಗಂಧೆ ಎದ್ದರೂ ನನಗೆ ಮೊದಲು ಫೋನ್ ಮಾಡಿ."