ಅಪ್‌ಡೇಟ್: ಹೊಳೆಯ ‘ಬ್ಯಾಂಕ್’, ಹಣದ ‘ಬ್ಯಾಂಕ್’

ನದಿಯ ದಂಡೆಗೂ ಹಣವಿಡುವ ಸಂಸ್ಥೆಗೂ ಇಂಗ್ಲಿಷಿನಲ್ಲಿ ‘ಬ್ಯಾಂಕ್’ ಎಂಬ ಒಂದೇ ಹೆಸರೇಕೆ ಎಂದು ಈಚೆಗೆ ಕೇಳಿದ್ದೆ, ಉತ್ತರ ಸಿಕ್ಕಿದೆ. ನಿಘಂಟಿನಲ್ಲಿ ಅರ್ಥಗಳನ್ನು ಬದಿಗಿಟ್ಟು, ಪ್ರತಿಯೊಂದು ನಮೂದಿನ ವ್ಯುತ್ಪತ್ತಿಯನ್ನು ಬೇರೆ ಬೇರೆಯಾಗಿ ಓದಿ ಎಂದವರ ಸಲಹೆಯೇ ಫಲಿಸಿತು. ದಂಡೆ ಎಂಬರ್ಥದ ಪದವು ಸುಮಾರು 1200ರ ಹೊತ್ತಿಗೆ ಸ್ಕ್ಯಾಂಡಿನೇವಿಯನ್ ಮೂಲದಿಂದ ಬಂದದ್ದು. ಹಣಕ್ಕೆ ಸಂಬಂಧಿಸಿದ್ದು 15ನೆಯ ಶತಮಾನದ ಕೊನೆಗೆ, ನಾಣ್ಯ ವಿನಿಮಯ ಮಾಡುವವರು ಮುಂದಿಟ್ಟುಕೊಳ್ಳುತ್ತಿದ್ದ ಮೇಜಿನ ಇಟಾಲಿಯನ್ ಹೆಸರಾದ ‘ಬಾಂಕಾ’ದಿಂದ ಹುಟ್ಟಿಕೊಂಡದ್ದು.

ವರ್ತಕರು ಹೊಳೆಯ ದಂಡೆಯಲ್ಲಿ ಕುಳಿತು ವ್ಯವಹರಿಸುತ್ತಿದ್ದರಿಂದ ಈ ಹೆಸರು ಬಂತೆಂಬ ವಿವರಣೆ, ಕೇಳಲು ಸೊಗಸಾಗಿದ್ದರೂ, ನಿಲ್ಲಲಿಲ್ಲ. ಎರಡಕ್ಕೂ ಸಂಬಂಧವೇ ಇಲ್ಲ ಎಂಬ ಉತ್ತರವೂ ಪೂರ್ತಿ ಸರಿಯಲ್ಲ: ಇಟಾಲಿಯನ್ ಪದವೂ ಸ್ಕ್ಯಾಂಡಿನೇವಿಯನ್, ಇಂಗ್ಲಿಷ್ ಮೊದಲಾದವು ಸೇರಿದ ಜರ್ಮ್ಯಾನಿಕ್ ಬಳಗದ ಭಾಷೆಯಿಂದಲೇ ಎರವಲು ಹೋದದ್ದರಿಂದ ಇವೆರಡೂ ದೂರದ ದಾಯಾದಿಗಳು, ನಮ್ಮ ಶಾಲೆಗಳ ‘ಬೆಂಚ್’ ಕೂಡ ಅದೇ ಮನೆತನದ್ದು.

ನನಗೆ ನಿಜವಾಗಿ ಅಚ್ಚರಿ ತಂದದ್ದು ದಿವಾಳಿಯಾದವರನ್ನು ಸೂಚಿಸುವ ‘ಬ್ಯಾಂಕ್ರಪ್ಟ್’. ಇಟಾಲಿಯನ್ನಿನ ‘ಬಾಂಕಾ ರೊತ್ತಾ’, ಅಂದರೆ ಮುರಿದ ಮೇಜು, ಇಂಗ್ಲಿಷಿಗೆ ಬಂದು ಲ್ಯಾಟಿನ್ನಿನ ‘ರುಪ್ಟುಸ್’ (ಮುರಿದ) ಪದದ ಪ್ರಭಾವದಿಂದ ಈಗಿನ ರೂಪ ತಾಳಿತು. ‘ಬ್ಲಡ್ ಬ್ಯಾಂಕ್’ ಬಗ್ಗೆ ಕೇಳಿದವರಿಗೆ: ಆ ಹೆಸರನ್ನು 1937ರಲ್ಲಿ ಷಿಕಾಗೋದ ಕುಕ್ ಕೌಂಟಿ ಆಸ್ಪತ್ರೆಯಲ್ಲಿ ವೈದ್ಯ ಬರ್ನಾರ್ಡ್ ಫ್ಯಾಂಟಸ್ ಬಳಕೆಗೆ ತಂದರು.