ಹೆಲೀನ್ ಚಂಡಮಾರುತದಲ್ಲಿ ಮುಳುಗಿದ್ದ 22 ಅಡಿ ಬೋಟ್, ಸಾಲ್ವೇಜ್ ಟೈಟಲ್. ತೆಗೆದುಕೊಳ್ಳಬಹುದಾ?

ಟ್ಯಾಂಪಾ ಮೀನುಪ್ರಿಯ:

ಎಲ್ಲರಿಗೂ ನಮಸ್ಕಾರ. ಫ್ಲೋರಿಡಾದಲ್ಲಿ ಬೋಟ್ ಇಟ್ಟುಕೊಂಡಿರುವ ಕನ್ನಡಿಗರು ಯಾರಾದರೂ ಇದ್ದರೆ ದಯವಿಟ್ಟು ದಾರಿ ತೋರಿಸಿ.

ನಾನಿರುವುದು ಟ್ಯಾಂಪಾದಲ್ಲಿ. ಊರು ಗಂಗೊಳ್ಳಿ ಕಡೆ. ಮಗನಿಗೆ ಈಗ ಒಂಬತ್ತು ವರ್ಷ, ಅವನಿಗೆ ಗಾಳ ಹಾಕೋದು ಕಲಿಸಬೇಕು ಅಂತ ಬಹಳ ಆಸೆ. ಸೇಂಟ್ ಪೀಟರ್ಸ್‌ಬರ್ಗ್‌ನಲ್ಲಿ ಒಂದು ಬೋಟ್ ನೋಡಿದೆ. 2017ರ 22 ಅಡಿ ಸೆಂಟರ್ ಕನ್ಸೋಲ್ (ಸ್ಟೀರಿಂಗ್ ನಡುವಿನಲ್ಲಿರುವ ತೆರೆದ ಬೋಟ್), 150 ಕುದುರೆಶಕ್ತಿಯ ಫೋರ್ ಸ್ಟ್ರೋಕ್ ಔಟ್‌ಬೋರ್ಡ್ (ಬೋಟಿನ ಹಿಂದೆ ಹೊರಗೆ ಕೂರಿಸುವ ಎಂಜಿನ್), ಜೊತೆಗೆ ಟ್ರೇಲರ್. ಕೇಳುತ್ತಿರುವುದು 14,500 ಡಾಲರ್. ಕ್ಲೀನ್ ಟೈಟಲ್, ಅಂದರೆ ಹಾನಿಯ ಮುದ್ರೆ ಇಲ್ಲದ ಮಾಲೀಕತ್ವದ ಕಾಗದ ಇರುವ ಇಂಥದ್ದೇ ಬೋಟಿಗೆ ಇಲ್ಲಿ 38 ಸಾವಿರ ಹೇಳುತ್ತಾರೆ.

2024ರ ಸೆಪ್ಟೆಂಬರ್‌ನಲ್ಲಿ ಹೆಲೀನ್ ಬಂದಾಗ ಇದು ಕಟ್ಟಿದ ಜಾಗದಲ್ಲೇ ಮುಳುಗಿತ್ತಂತೆ. ಇನ್ಶೂರೆನ್ಸ್‌ನವರು ಟೋಟಲ್ ಲಾಸ್ (ರಿಪೇರಿ ಮಾಡಿಸಿ ಪ್ರಯೋಜನವಿಲ್ಲ) ಅಂದರು, ಈಗಿನ ಮಾಲೀಕ ಹರಾಜಿನಲ್ಲಿ ತೆಗೆದುಕೊಂಡು ಸರಿ ಮಾಡಿಸಿದ್ದಾನೆ. ಸ್ಟಾರ್ಟರ್, ಬ್ಯಾಟರಿ, ಸೀಟು ಹೊಸದು. ನನ್ನ ಮುಂದೆಯೇ ಎಂಜಿನ್ ಸ್ಟಾರ್ಟ್ ಮಾಡಿ ತೋರಿಸಿದ, ಒಂದೇ ಸಲಕ್ಕೆ ಹಿಡಿಯಿತು. "ಬರೀ ನೀರು ನುಗ್ಗಿತ್ತು, ಬೇರೇನೂ ಆಗಿಲ್ಲ" ಎನ್ನುತ್ತಾನೆ. ಬಾಯಲ್ಲಿ ಸಾಲ್ವೇಜ್ ಟೈಟಲ್ ಎಂದ, ಆದರೆ ಅವನು ಕಳಿಸಿದ ಫೋಟೋದಲ್ಲಿ ಟೈಟಲ್ ಮೇಲೆ "ಹಲ್ ಡ್ಯಾಮೇಜ್ಡ್" (ಹಲ್ ಅಂದರೆ ಬೋಟಿನ ಒಡಲು) ಎಂದು ಅಚ್ಚಾಗಿದೆ. ಎರಡೂ ಒಂದೇನಾ? ಇಷ್ಟು ಕಡಿಮೆ ಬೆಲೆಗೆ ಸಿಗುವಾಗ ಸ್ವಲ್ಪ ರಿಸ್ಕ್ ತೆಗೆದುಕೊಳ್ಳಬಹುದು ಅನ್ನಿಸುತ್ತಿದೆ. ಮನೆಯವಳು ಬೇಡ ಅನ್ನುತ್ತಿದ್ದಾಳೆ.

ಡಲ್ಲಾಸ್ ಗಾಳ:

ಸಾಲ್ವೇಜ್ ಅಂದ ಕೂಡಲೇ ಓಡಿಹೋಗಬೇಕಾಗಿಲ್ಲ ಗುರುಗಳೇ. ನನ್ನದೂ ಟೋಟಲ್ ಆಗಿದ್ದ ಬೋಟೇ. ಆದರೆ ಅದಕ್ಕೆ ಆಗಿದ್ದು ಆಲಿಕಲ್ಲು ಮಳೆಯ ಹಾನಿ. ಟೆಕ್ಸಾಸ್‌ನಲ್ಲಿ ವಸಂತ ಬಂತೆಂದರೆ ನಿಂಬೆಹಣ್ಣಿನ ಗಾತ್ರದ ಕಲ್ಲು ಬೀಳುತ್ತದೆ. ವಿಂಡ್‌ಶೀಲ್ಡ್ ಒಡೆದಿತ್ತು, ಸೀಟು ಹರಿದಿತ್ತು, ಮೇಲಿನ ಜೆಲ್‌ಕೋಟ್ (ಹೊಳಪಿನ ಹೊರಲೇಪ) ತುಂಬ ಗುಳಿ ಬಿದ್ದಿತ್ತು. ಹಳೇ ಬೋಟ್, ಬೆಲೆಯೇ ಕಡಿಮೆ. ಹಾಗಾಗಿ ರಿಪೇರಿ ಲೆಕ್ಕ ಹಾಕಿದ ಇನ್ಶೂರೆನ್ಸ್‌ನವರು ದುಡ್ಡು ಕೊಟ್ಟು ಕೈತೊಳೆದುಕೊಂಡರು. ಕೆಳಗಿನ ಹಲ್, ಎಂಜಿನ್ ಎರಡಕ್ಕೂ ಏನೂ ಆಗಿರಲಿಲ್ಲ. ಲೇಕ್ ಲೂಯಿಸ್‌ವಿಲ್‌ನಲ್ಲಿ ಇವತ್ತಿಗೂ ಆರಾಮಾಗಿ ಓಡುತ್ತಿದೆ.

ಆದರೆ ಉಪ್ಪುನೀರಲ್ಲಿ ಮುಳುಗಿದ್ದು ಅಂದರೆ ನಾನು ಮುಟ್ಟುವುದಿಲ್ಲ. ನಮ್ಮದು ಸಿಹಿನೀರಿನ ಕೆರೆ, ನಿಮ್ಮದು ಸಮುದ್ರ. ವಿವರ ಗೊತ್ತಿರುವವರು ಹೇಳಲಿ.

ಮಲ್ಪೆ ಎಂಜಿನ್:

ನಮಸ್ಕಾರ ಮಾರಾಯ್ರೆ, ನಮ್ಮ ಕಡೆಯವರೇ ಆಯಿತು. ನಾನು ಬ್ರಾಡೆಂಟನ್‌ನಲ್ಲಿ ಔಟ್‌ಬೋರ್ಡ್ ರಿಪೇರಿ ಕೆಲಸದಲ್ಲಿದ್ದೇನೆ. ಅಪ್ಪನ ಬೋಟು ಮಲ್ಪೆ ಬಂದರಿನಲ್ಲಿತ್ತು, ಸ್ಪ್ಯಾನರ್ ಹಿಡಿಯಲು ಕಲಿತದ್ದೇ ಅಲ್ಲಿ. ಹೆಲೀನ್, ಅದರ ಬೆನ್ನಿಗೇ ಬಂದ ಮಿಲ್ಟನ್ ಚಂಡಮಾರುತ ಆದಮೇಲೆ ನಮ್ಮ ಶಾಪಿಗೆ ಬರುತ್ತಿರುವುದರಲ್ಲಿ ಮುಳುಗಿ ಎದ್ದ ಬೋಟುಗಳೇ ಜಾಸ್ತಿ. ಅದಕ್ಕೇ ಸ್ವಲ್ಪ ಉದ್ದ ಬರೆಯುತ್ತೇನೆ, ಬೇಸರ ಮಾಡಿಕೊಳ್ಳಬೇಡಿ.

ಮೊದಲು ಟೈಟಲ್ ವಿಷಯ. ಸಾಲ್ವೇಜ್ ಎಂಬುದು ಕಾರಿನ ವ್ಯವಹಾರದಿಂದ ಬಂದ ಮಾತು, ಬೋಟಿಗೂ ಎಲ್ಲರೂ ಅದನ್ನೇ ಹೇಳುತ್ತಾರೆ. ಫ್ಲೋರಿಡಾದಲ್ಲಿ 2023ರ ಜುಲೈ 1ರಿಂದ ಬೋಟ್ ಟೈಟಲ್‌ಗೆ ಹೊಸ ಕಾನೂನು ಬಂದಿದೆ. ಅದರಲ್ಲಿರುವ ಮಾತೇ ಹಲ್ ಡ್ಯಾಮೇಜ್ಡ್. ಡಿಕ್ಕಿ, ಸಿಡಿಲು, ಬೆಂಕಿ, ಸ್ಫೋಟ, ನೆಲ ಬಡಿದದ್ದು, ಇಂಥದ್ದರಿಂದ ಹಲ್‌ನ ಗಟ್ಟಿತನಕ್ಕೇ ಧಕ್ಕೆ ಬಂದಿದ್ದರೆ ಟೈಟಲ್ ಮೇಲೆ ಹಾಗೆ ಬರೆಸಬೇಕು. ಮುಳುಗಿದ್ದೂ ಇದರಲ್ಲಿ ಸೇರುತ್ತದೆ, ಆದರೆ ಮುಳುಗಿದ ರೀತಿಯಿಂದ ಹಲ್‌ಗೆ ಗಂಭೀರ ಅಪಾಯ ಆಗಿದ್ದರೆ ಮಾತ್ರ.

ಈಗ ಮಾಲೀಕ ಹೇಳಿದ ಮಾತನ್ನು ಇದರ ಪಕ್ಕದಲ್ಲಿಟ್ಟು ನೋಡಿ. ಬರೀ ನೀರು ನುಗ್ಗಿತ್ತು ಎನ್ನುತ್ತಾನೆ. ಕಾಗದ ಹಲ್‌ಗೆ ಪೆಟ್ಟಾಗಿದೆ ಎನ್ನುತ್ತಿದೆ. ಎಂಜಿನ್, ವೈರಿಂಗ್ ಹಾಳಾಯಿತು ಎಂಬ ಕಾರಣಕ್ಕೆ ಮಾತ್ರ ಆ ಮುದ್ರೆ ಬೀಳುವುದಿಲ್ಲ. ಹಾಗಾದರೆ ಪೆಟ್ಟು ಎಲ್ಲಿ ಬಿತ್ತು, ಯಾರು ಸರಿ ಮಾಡಿದರು? ಅವನನ್ನು ಕೇಳಬೇಕಾದ ಮೊದಲ ಪ್ರಶ್ನೆ ಇದು. ಹರಾಜಿನ ಲಿಸ್ಟಿಂಗ್ ಫೋಟೋಗಳನ್ನು ಕೇಳಿ, ಅವನ ಹತ್ತಿರ ಖಂಡಿತ ಇರುತ್ತವೆ.

ಇನ್ನು ಎಂಜಿನ್. ಒಂದೇ ಸಲಕ್ಕೆ ಸ್ಟಾರ್ಟ್ ಆಯಿತು ಅಂದಿರಿ. ಅದು ಏನನ್ನೂ ಹೇಳುವುದಿಲ್ಲ. ಉಪ್ಪುನೀರು ಒಳಹೋದ ಔಟ್‌ಬೋರ್ಡನ್ನು ನೀರಿಂದ ಎತ್ತಿದ ಕೆಲವೇ ಗಂಟೆಗಳಲ್ಲಿ ಸಿಹಿನೀರಿನಲ್ಲಿ ತೊಳೆದು, ಪ್ಲಗ್ ಬಿಚ್ಚಿ ಸಿಲಿಂಡರಿನ ನೀರೆಲ್ಲ ಹೊರಹಾಕಿ, ಎಣ್ಣೆ ತುಂಬಬೇಕು. ನೀರೊಳಗೆ ಇರುವಷ್ಟು ಹೊತ್ತು ಅಷ್ಟು ಹಾನಿ ಇಲ್ಲ, ಗಾಳಿ ತಾಗಿದ ಕೂಡಲೇ ತುಕ್ಕು ಶುರು. ಹೆಲೀನ್ ನೀರು ನುಗ್ಗಿದ್ದು ಸೆಪ್ಟೆಂಬರ್ 26ರ ರಾತ್ರಿ. ಅಕ್ಟೋಬರ್ 9ಕ್ಕೆ ಮಿಲ್ಟನ್ ಸಿಯೆಸ್ಟಾ ಕೀ ಹತ್ತಿರ ದಡ ಹೊಡೆಯಿತು. ಆ ಎರಡು ವಾರ ಇಲ್ಲಿ ಜನ ಮನೆಯ ಕೆಸರು ಎತ್ತುತ್ತಿದ್ದರು, ಮತ್ತೆ ಊರು ಖಾಲಿ ಮಾಡುತ್ತಿದ್ದರು. ಬೋಟಿನ ಎಂಜಿನ್‌ಗೆ ಎಣ್ಣೆ ಹಾಕಲು ಯಾರಿಗೆ ಪುರುಸೊತ್ತಿತ್ತು? ಇನ್ಶೂರೆನ್ಸ್‌ನವರು ಬಂದು ನೋಡುವ ತನಕ ಹಾಗೇ ಬಿದ್ದಿದ್ದ ಬೋಟುಗಳೇ ಹೆಚ್ಚು. ನಿಮ್ಮದನ್ನು ಆಗಲೇ ತೊಳೆದಿದ್ದರೆ ಬಿಲ್ ಇರಬೇಕು, ತಾರೀಕು ಸಮೇತ. ಬಿಲ್ ಇಲ್ಲ ಅಂದರೆ ತೊಳೆದಿಲ್ಲ ಎಂದೇ ಲೆಕ್ಕ ಹಾಕಿ.

ಅಂಥ ಎಂಜಿನ್ ಇವತ್ತು ಚೆನ್ನಾಗೇ ಓಡುತ್ತದೆ. ಸಿಲಿಂಡರ್ ಗೋಡೆ ಮೇಲೆ, ಬೇರಿಂಗ್ ಮೇಲೆ ಸಣ್ಣ ಸಣ್ಣ ತುಕ್ಕಿನ ಗುಳಿ ಇರುತ್ತವೆ. ಲೋಡ್ ಮೇಲೆ ಓಡಿಸುತ್ತಾ ಹೋದ ಹಾಗೆ ಅವು ದೊಡ್ಡದಾಗುತ್ತವೆ. ಕೈಕೊಡುವುದು ಮನೆ ಮುಂದೆ ಅಲ್ಲ, ಕೊಲ್ಲಿಯ ಬಾಯಲ್ಲಿರುವ ಎಗ್ಮಾಂಟ್ ಕೀ ದ್ವೀಪ ದಾಟಿದ ಮೇಲೆ. ಕಂಪ್ರೆಶನ್ ಟೆಸ್ಟ್ (ಸಿಲಿಂಡರಿನೊಳಗಿನ ಒತ್ತಡ ಅಳೆಯುವುದು) ಮಾಡಿಸಿ, ನಾಲ್ಕು ಸಿಲಿಂಡರುಗಳ ನಡುವೆ ಶೇ. 10ಕ್ಕಿಂತ ಜಾಸ್ತಿ ವ್ಯತ್ಯಾಸ ಇರಬಾರದು. ಪ್ಲಗ್ ರಂಧ್ರದಿಂದ ಸಣ್ಣ ಕ್ಯಾಮೆರಾ ಇಳಿಸಿ ಗೋಡೆ ನೋಡಿಸಿ. ಆಯಿಲ್ ಸ್ಯಾಂಪಲ್ ಲ್ಯಾಬಿಗೆ ಕಳಿಸಿ.

ವೈರಿಂಗ್ ನೀವೇ ನೋಡಬಹುದು. ಕನ್ಸೋಲ್ ಕೆಳಗಿನ ಬಾಗಿಲು ತೆಗೆದು, ಮಾಲೀಕನನ್ನು ಕೇಳಿ, ಯಾವುದಾದರೂ ಒಂದು ವೈರಿನ ತುದಿಯ ಟರ್ಮಿನಲ್ ಕತ್ತರಿಸಿ ಒಂದಿಂಚು ಸಿಪ್ಪೆ ತೆಗೆಯಿರಿ. ಮರೀನ್ ವೈರ್‌ಗೆ ತವರದ ಲೇಪ ಇರುತ್ತದೆ, ಒಳಗಿನ ಎಳೆಗಳು ಬೆಳ್ಳಿ ಹಾಗೆ ಹೊಳೆಯಬೇಕು. ಕಪ್ಪಗಿದ್ದರೆ ಅಥವಾ ಹಸಿರು ಪುಡಿ ಉದುರಿದರೆ ಉಪ್ಪುನೀರು ಒಳಗೆ ಏರಿದೆ ಎಂದು ಅರ್ಥ. ಇನ್ನೊಂದಿಂಚು ಸುಲಿದು ನೋಡಿ. ಅಲ್ಲೂ ಕಪ್ಪಗಿದ್ದರೆ ಆ ವೈರಿಂಗ್ ಪೂರ್ತಿ ಎಸೆಯಬೇಕು. ಹೊಸ ಟರ್ಮಿನಲ್ ಹಾಕಿ ಮುಚ್ಚಿದರೆ ಆರು ತಿಂಗಳಲ್ಲಿ ಬಿಲ್ಜ್ (ಬೋಟಿನ ತಳದಲ್ಲಿ ನೀರು ನಿಲ್ಲುವ ಜಾಗ) ಪಂಪ್ ಒಂದು ದಿನ ಸುಮ್ನೆ ನಿಲ್ಲುತ್ತದೆ.

ನನಗೆ ಎಲ್ಲಕ್ಕಿಂತ ಭಯ ಇರುವುದು ಪೆಟ್ರೋಲ್ ಟ್ಯಾಂಕ್ ಮೇಲೆ. ಇಂಥ ಬೋಟಿನಲ್ಲಿ ಅಲ್ಯೂಮಿನಿಯಂ ಟ್ಯಾಂಕ್ ಡೆಕ್ ಕೆಳಗಿರುತ್ತದೆ, ಎಷ್ಟೋ ಸಲ ಸುತ್ತ ಫೋಮ್ ತುಂಬಿರುತ್ತಾರೆ. ಫೋಮಿಗೂ ಟ್ಯಾಂಕಿಗೂ ನಡುವೆ ಉಪ್ಪುನೀರು ಸಿಕ್ಕಿಹಾಕಿಕೊಂಡರೆ ಅದು ಒಣಗುವುದೇ ಇಲ್ಲ. ಹೊರಗಿನಿಂದ ಲೋಹ ತಿಂದು ಸೂಜಿಮೊನೆಯಷ್ಟು ತೂತು ಬೀಳುತ್ತದೆ. ಪೆಟ್ರೋಲ್ ಬಿಲ್ಜಿಗೆ ಇಳಿಯುತ್ತದೆ, ಆವಿ ಗಾಳಿಗಿಂತ ಭಾರ, ಅಲ್ಲೇ ಕೂರುತ್ತದೆ. ಒಂದು ಕಿಡಿ ಸಾಕು. ಮಗನನ್ನು ಕೂರಿಸಿಕೊಂಡು ಹೋಗುವ ಬೋಟು ಇದು, ಅಲ್ವಾ? ಟ್ಯಾಂಕ್ ಪ್ರೆಶರ್ ಟೆಸ್ಟ್ ಮಾಡದೆ ಅದರಲ್ಲಿ ಅವನನ್ನು ಹತ್ತಿಸಬೇಡಿ. ಬದಲಿಸಬೇಕೆಂದರೆ ಡೆಕ್ ಕೊಯ್ಯಬೇಕಾಗಬಹುದು.

ಕೊನೆಗೆ ದುಡ್ಡು. ಹೊಸ 150 ಕುದುರೆಶಕ್ತಿ ಎಂಜಿನ್ ಕೂರಿಸಿದರೆ ಕೂಲಿ, ರಿಗ್ಗಿಂಗ್ ಎಲ್ಲ ಸೇರಿ 20 ಸಾವಿರದ ಆಸುಪಾಸು. ವೈರಿಂಗ್, ಫಿಶ್‌ಫೈಂಡರ್, ಗೇಜುಗಳಿಗೆ 6 ಸಾವಿರ ಹಿಡಿಯಿರಿ. ಟ್ಯಾಂಕಿಗೆ 3ರಿಂದ 4 ಸಾವಿರ. ನಿಮ್ಮ 14,500ಕ್ಕೆ ಇದನ್ನೆಲ್ಲ ಕೂಡಿಸಿದರೆ ಕ್ಲೀನ್ ಬೋಟಿನ 38 ಸಾವಿರವನ್ನೂ ದಾಟುತ್ತದೆ, ಹಲ್ ರಿಪೇರಿ ಬಿಟ್ಟು. ಇದೆಲ್ಲ ಬಂದೇ ಬರುತ್ತದೆ ಅಂತಲ್ಲ. ಆದರೆ ಬೆಲೆ ಮಾತಾಡುವಾಗ ಎಂಜಿನ್‌ಗೆ ಸೊನ್ನೆ, ವೈರಿಂಗ್‌ಗೆ ಸೊನ್ನೆ ಎಂದೇ ಕೂರಬೇಕು. ಹಲ್ ಗಟ್ಟಿ ಎಂದು ಸರ್ವೇಯರ್ (ಬೋಟ್ ಪರೀಕ್ಷಿಸುವವರು) ಬರೆದುಕೊಟ್ಟರೆ ಹಲ್ ಮತ್ತು ಟ್ರೇಲರ್‌ಗೆ ನಾನಾದರೆ 6 ಸಾವಿರದ ಮೇಲೆ ಕೊಡುವುದಿಲ್ಲ.

ಜಾಕ್ಸನ್‌ವಿಲ್ ಅಕ್ಕ:

ಮಲ್ಪೆಯವರು ಬೋಟಿನ ವಿಷಯ ಹೇಳಿದ್ದಾರೆ, ನಾನು ಇನ್ಶೂರೆನ್ಸ್ ಕಡೆಯದು ಹೇಳುತ್ತೇನೆ. ಕ್ಲೇಮ್ ವಿಭಾಗದಲ್ಲಿ ಕೆಲಸ ಮಾಡುತ್ತೇನೆ.

ತಮ್ಮಾ, ಒಂದು ಡಾಲರ್ ಅಡ್ವಾನ್ಸ್ ಕೊಡುವ ಮೊದಲು ಇನ್ಶೂರೆನ್ಸ್ ಕಂಪನಿಗೆ ಫೋನ್ ಮಾಡು. ಹಲ್ ನಂಬರ್ ಓದಿ ಹೇಳಿ, ಟೈಟಲ್ ಮೇಲಿನ ಮಾತನ್ನೂ ಮುಚ್ಚಿಡದೆ ಹೇಳಿ, ಇದಕ್ಕೆ ಪಾಲಿಸಿ ಕೊಡುತ್ತೀರಾ ಎಂದು ಕೇಳು. ಕೆಲವರು ಆಗುವುದಿಲ್ಲ ಎನ್ನುತ್ತಾರೆ. ಕೆಲವರು ಲಯಬಿಲಿಟಿ (ಬೇರೆಯವರಿಗೆ ಆದ ಹಾನಿಗೆ) ಮಾತ್ರ ಕೊಡುತ್ತಾರೆ. ಅಂದರೆ ನಿನ್ನ ಬೋಟಿಗೆ ಏನಾದರೂ ಆದರೆ ಒಂದು ಪೈಸೆ ಸಿಗುವುದಿಲ್ಲ. ಪೂರ್ತಿ ಕವರ್ ಕೊಡುವವರು ಸರ್ವೇ ರಿಪೋರ್ಟ್ ಕೇಳುತ್ತಾರೆ, ಅದರಲ್ಲಿ ಬರೆದದ್ದನ್ನೆಲ್ಲ ಸರಿ ಮಾಡಿಸಿದ ಮೇಲೇ ಪಾಲಿಸಿ. ಪಾಲಿಸಿ ಇಲ್ಲ ಅಂದರೆ ಹೆಚ್ಚಿನ ಮರೀನಾಗಳು (ಬೋಟ್ ನಿಲ್ಲಿಸುವ ತಾಣಗಳು) ಒಳಗೇ ಬಿಡುವುದಿಲ್ಲ. ಇದೆಲ್ಲಕ್ಕಿಂತ ಮುಖ್ಯ, ಬೋಟ್ ಮತ್ತೆ ಮುಳುಗಿದರೆ ಅದನ್ನು ಎತ್ತಿಸುವ ಖರ್ಚು, ಸೋರಿದ ಪೆಟ್ರೋಲಿನ ಹೊಣೆ ಎಲ್ಲವೂ ಮಾಲೀಕನ ತಲೆ ಮೇಲೆ. ನಿನ್ನ ಪಾಲಿಸಿಯಲ್ಲಿ ಅದು ಸೇರಿದೆಯಾ ಎಂದು ಬಾಯಿಬಿಟ್ಟು ಕೇಳು.

ಹಲ್ ನಂಬರ್ 12 ಅಕ್ಷರಗಳದ್ದು. ಬೋಟಿನ ಹಿಂಭಾಗದ ಬಲ ಮೇಲ್ಮೂಲೆಯಲ್ಲಿ ಇರುತ್ತದೆ. ಕಾಗದದಲ್ಲಿರುವುದಕ್ಕೂ ಅದಕ್ಕೂ ಅಕ್ಷರ ಅಕ್ಷರ ತಾಳೆ ನೋಡು. ಉಜ್ಜಿದ, ಬಣ್ಣ ಬಳಿದ ಗುರುತಿದ್ದರೆ ಅಲ್ಲಿಂದ ಬಂದುಬಿಡು. ಟ್ರೇಲರ್‌ಗೆ ಬೇರೆಯೇ ಕಾಗದ ಇರುತ್ತದೆ, ಅದನ್ನೂ ಕೇಳು.

ಕ್ಲೀನ್ ಟೈಟಲ್ ಅಂದ ಮಾತ್ರಕ್ಕೂ ನಂಬಬೇಡ. ಕಾರುಗಳಿಗೆ ಎಲ್ಲ ರಾಜ್ಯಗಳ ಟೈಟಲ್ ಮಾಹಿತಿ ಒಂದೇ ಕಡೆ ಸಿಗುವ ಕೇಂದ್ರ ವ್ಯವಸ್ಥೆ ಇದೆ, ಬೋಟುಗಳು ಅದರಲ್ಲಿ ಇಲ್ಲ. ಬೋಟಿಗೆ ಟೈಟಲ್ಲೇ ಕೊಡದ ರಾಜ್ಯಗಳೂ ಇವೆ. ಒಂದು ರಾಜ್ಯ ದಾಟಿ ಬಂದರೆ ಹಳೆಯ ಮುದ್ರೆ ಕಾಣೆಯಾಗಿರಬಹುದು. ಇನ್ಶೂರೆನ್ಸೇ ಇಲ್ಲದೆ ಮುಳುಗಿ, ಮನೆಯಂಗಳದಲ್ಲೇ ತೊಳೆದು ಒಣಗಿಸಿದ ಬೋಟಿನ ಕಾಗದ ಹಾಲಿನಷ್ಟು ಶುದ್ಧವಾಗಿರುತ್ತದೆ. ಯಾವುದೇ ಬೋಟ್ ಆದರೂ ಸ್ಯಾಮ್ಸ್ ಅಥವಾ ನ್ಯಾಮ್ಸ್ (ಎರಡೂ ಬೋಟ್ ಸರ್ವೇಯರ್‌ಗಳ ಸಂಘಗಳು) ಮಾನ್ಯತೆ ಇರುವ ಸರ್ವೇಯರ್ ನೋಡಲಿ. ಅಡಿಗೆ 20ರಿಂದ 30 ಡಾಲರ್ ಆಗುತ್ತದೆ, 22 ಅಡಿಗೆ ಸುಮಾರು 550 ಹಿಡಿ. ಮಾಲೀಕ ಹೇಳಿದವರು ಬೇಡ, ನೀನೇ ಹುಡುಕಿದವರು ಇರಲಿ.

ಟ್ಯಾಂಪಾ ಮೀನುಪ್ರಿಯ:

ಅಕ್ಕಾ, ಮಲ್ಪೆಯಣ್ಣಾ, ಇಬ್ಬರಿಗೂ ತುಂಬಾ ಥ್ಯಾಂಕ್ಸ್. ಹರಾಜಿನ ಫೋಟೋ ಕೇಳಿದೆ. ಮೊದಲು ಸಿಗುತ್ತಿಲ್ಲ ಎಂದ, ಮತ್ತೆ ಕೇಳಿದ ಮೇಲೆ ಕಳಿಸಿದ. ಒಂದರಲ್ಲಿ ಬೋಟ್ ಕಂಬದ ಮೇಲೆ ವಾಲಿಕೊಂಡು ನಿಂತಿದೆ. ಬಲಗಡೆ, ಹಲ್‌ನ ಬದಿ ತಳಕ್ಕೆ ತಿರುಗುವ ಅಂಚಿನಲ್ಲಿ, ಮೊಳದಷ್ಟು ಉದ್ದದ ಬಿರುಕು. ನಾನು ಹೋಗಿ ನೋಡಿದಾಗ ಅದೇ ಜಾಗ ನುಣ್ಣಗೆ, ಉಳಿದ ಕಡೆಗಿಂತ ಸ್ವಲ್ಪ ಹೆಚ್ಚು ಬಿಳಿಯಾಗಿತ್ತು. ಒಳಗಿನಿಂದ ಏನು ಮಾಡಿಸಿದ್ದೀರಿ ಎಂದೆ. "ಫೈಬರ್ ಹಾಕಿದ್ದೇವೆ" ಎಂದ, ಯಾರು ಹಾಕಿದರು ಎಂದು ಹೇಳಲಿಲ್ಲ. ಎಂಜಿನ್ ತೊಳೆದ ಬಿಲ್ ಇಲ್ಲವಂತೆ. ಈಗ 11 ಸಾವಿರಕ್ಕೆ ಇಳಿದಿದ್ದಾನೆ.

ಮಲ್ಪೆ ಎಂಜಿನ್:

ಬಿಟ್ಟುಬಿಡಿ ಮಾರಾಯ್ರೆ. 11 ಅಲ್ಲ, 8ಕ್ಕೆ ಕೊಟ್ಟರೂ ಬೇಡ. ಆ ಅಂಚಿನ ಒಳಗಡೆ ತಳದ ಉದ್ದಕ್ಕೂ ಸ್ಟ್ರಿಂಗರ್ (ಹಲ್‌ಗೆ ಗಟ್ಟಿತನ ಕೊಡುವ ಪಟ್ಟಿ) ಹೋಗಿರುತ್ತದೆ. ಕಂಬದ ಮೇಲೆ ಅಲೆ ಎತ್ತೆತ್ತಿ ಕುಕ್ಕಿದಾಗ ಹೊರಗಿನ ಬಿರುಕಿಗಿಂತ ಒಳಗೆ ಸ್ಟ್ರಿಂಗರ್ ಬಿಟ್ಟುಕೊಂಡಿರುವುದೇ ಹೆಚ್ಚು. ಹೊರಗಿನಿಂದ ಫೈಬರ್ ಮೆತ್ತಿ ಬಣ್ಣ ಹೊಡೆದರೆ ಅದು ಕೂಡುವುದಿಲ್ಲ. ಡೆಕ್ ಎತ್ತದೆ ಸರಿ ಮಾಡಲು ಆಗುವ ಕೆಲಸವೇ ಅಲ್ಲ ಅದು.

ನಿಮ್ಮ ಬಜೆಟ್‌ಗೆ ನಾನು ಹೇಳುವುದು ಇಷ್ಟು: 22 ಅಡಿಯ ಆಸೆ ಸದ್ಯಕ್ಕೆ ಬಿಡಿ. ಟ್ಯಾಂಪಾ ಕೊಲ್ಲಿಯೊಳಗೆ ಮಗನ ಜೊತೆ ಗಾಳ ಹಾಕಲು 17, 18 ಅಡಿ ಸಾಕು. ಜಾರ್ಜಿಯಾದ ಲೇಕ್ ಲೇನಿಯರ್ ಕಡೆ ಸಿಹಿನೀರಲ್ಲೇ ಓಡಿದ ಬೋಟುಗಳು ಸಿಗುತ್ತವೆ. ಸ್ವಲ್ಪ ಹಳೆಯದಾದರೂ ಎಂಜಿನ್ ಒಳಗಿನ ನೀರಿನ ದಾರಿಯಲ್ಲಿ ಉಪ್ಪು ಕಟ್ಟಿರುವುದಿಲ್ಲ. ಡಲ್ಲಾಸ್‌ನವರು ಹೇಳಿದ ಹಾಗೆ ಆಲಿಕಲ್ಲು ಬಿದ್ದ ಬೋಟ್ ಸಿಕ್ಕರೂ ನೋಡಬಹುದು, ಹಾನಿ ಕಣ್ಣಿಗೆ ಕಾಣುವಂಥದ್ದು ಅದು. ಅಲ್ಲಿಗೆ ಹೋದಾಗ ಬೋಟನ್ನು ಟ್ರೇಲರ್ ಸಮೇತ ಟ್ರಕ್ ಸ್ಟಾಪಿನ ತೂಕದ ಕಾಟಾ ಮೇಲೆ ಹತ್ತಿಸಿ. ಕಂಪನಿ ಹೇಳುವ ಖಾಲಿ ತೂಕಕ್ಕೆ ಎಂಜಿನ್, ಪೆಟ್ರೋಲ್, ಟ್ರೇಲರ್ ಸೇರಿಸಿ ಲೆಕ್ಕ ಹಾಕಿ. ಅದಕ್ಕಿಂತ ನಾನೂರು, ಐನೂರು ಪೌಂಡ್ ಜಾಸ್ತಿ ಬಂದರೆ ಒಳಗಿನ ಫೋಮ್ ನೀರು ಕುಡಿದು ಕೂತಿದೆ.

ಲಿಸ್ಟಿಂಗ್ ಸಿಕ್ಕರೆ ಇಲ್ಲೇ ಹಾಕಿ. ಹಲ್ ನಂಬರ್, ಎಂಜಿನ್ ಮೇಲಿನ ಸೀರಿಯಲ್ ನಂಬರ್, ಕನ್ಸೋಲ್ ಒಳಗಿನ ವೈರಿಂಗ್, ಈ ಮೂರರ ಫೋಟೋ ಇರಲಿ. ಕೊಂಡುಕೊಳ್ಳುವ ಮೊದಲು ಬ್ರಾಡೆಂಟನ್‌ಗೆ ತರಲು ಮಾಲೀಕ ಒಪ್ಪಿದರೆ ಕಂಪ್ರೆಶನ್ ನಾನೇ ನೋಡಿಕೊಡುತ್ತೇನೆ. ಶನಿವಾರ ಮಧ್ಯಾಹ್ನದ ಮೇಲೆ ಶಾಪ್ ಖಾಲಿ ಇರುತ್ತದೆ. ಮಗನನ್ನೂ ಕರೆದುಕೊಂಡು ಬನ್ನಿ.